ಹಿತ್ತಿಲಿನ ಪಿಸ್ತೂಲು ಮತ್ತು ಹಿಟ್ಟಿನ ಕೋಳಿ

ಅಗ್ಗದ ಏರ್ ಪಿಸ್ತೂಲುಗಳಲ್ಲಿ ಯಾವುದು ಉತ್ತಮ? ಸುಶಿಕ್ಷಿತ ಶ್ರಾವಕರ ಮನೆಗಳಲ್ಲಿಯೂ ಈ ಪ್ರಶ್ನೆ ಇಂದು ಸಂಕೋಚವಿಲ್ಲದೆ ಕೇಳಿಬರುವಂತಾಗಿದೆ. ಇದಕ್ಕೆ ಕಾರಣವಿಲ್ಲದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರು 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಕಂಚು ಗೆದ್ದರು. ಸರಬ್‌ಜೋತ್ ಸಿಂಗ್ ಅವರೊಡಗೂಡಿ ಮಿಶ್ರ ತಂಡ ವಿಭಾಗದಲ್ಲಿ ಮತ್ತೊಂದು ಕಂಚನ್ನು ತಂದರು. ಅದಕ್ಕೂ ಮೊದಲು, 2013ರಲ್ಲಿ, ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರು ಕೊರಿಯದ ಚಾಂಗ್ವನ್‌ನಲ್ಲಿ ನಡೆದ ವಿಶ್ವಕಪ್‌ನಲ್ಲಿ ಇದೇ ಸ್ಪರ್ಧೆಯ ಕಂಚಿನ ಪದಕ ಪಡೆದಿದ್ದರು. ದೂರದರ್ಶನದಲ್ಲಿ ಇಂತಹ ಸಾಧನೆಯನ್ನು ಕಂಡ ಮಗ ಪಿಸ್ತೂಲು ಬೇಕೆನ್ನುತ್ತಾನೆ. ಮಗನ ಉತ್ಸಾಹವನ್ನು ಮುರಿಯಲೊಲ್ಲದ ತಂದೆ ಬೆಲೆಯನ್ನು ವಿಚಾರಿಸತೊಡಗುತ್ತಾನೆ. ಸ್ಪರ್ಧೆಗೆ ಬಳಸುವ ವಿದೇಶಿ ಪಿಸ್ತೂಲಿಗೆ ಲಕ್ಷ ರೂಪಾಯಿಗೂ ಮೀರಿದ ಬೆಲೆಯೆಂದು ತಿಳಿದಾಗ, ಕೆಲವು ಸಾವಿರಕ್ಕೆ ದೊರೆಯುವ ಇನ್ನೊಂದರ ಕಡೆಗೆ ಅವನ ದೃಷ್ಟಿ ಹರಿಯುತ್ತದೆ. ಹಿತ್ತಿಲಿದೆ, ಕಾಂಪೌಂಡ್ ಗೋಡೆಯಿದೆ, ಭಾನುವಾರದ ಬಿಡುವಿದೆ; ಇನ್ನೇನು ಬೇಕು?

ಸ್ಪ್ರಿಂಗಿನದೋ ಅನಿಲದ್ದೋ, ಹಿಡಿ ಮರದ್ದೋ ಪ್ಲಾಸ್ಟಿಕ್ಕಿನದೋ, ಒಂದು ಡಬ್ಬಿ ಗುಂಡಿಗೆ ಎಷ್ಟು ಎಂದು ಇಷ್ಟೆಲ್ಲ ವಿಚಾರಿಸುವ ಗೃಹಸ್ಥನು ವಿಚಾರಿಸದೆ ಬಿಡುವುದು ಒಂದೇ ಒಂದನ್ನು. ಇದರಿಂದ ಪ್ರಯೋಜನವೇನು? ಬೆಲೆಯ ಪ್ರಶ್ನೆಗೆ ಮೊದಲು ಕೇಳಬೇಕಾದ ಈ ಪ್ರಶ್ನೆಯನ್ನು ಜೈನ ಶ್ರಾವಕಾಚಾರವು ಒಂದು ವ್ರತವನ್ನಾಗಿಯೇ ವಿಧಿಸಿದೆ. ಅದೇ ಅನರ್ಥದಂಡ ವಿರತಿ.

ಗೃಹಸ್ಥನ ಬಾಳಿನಲ್ಲಿ ಹಿಂಸೆಯು ಸಂಪೂರ್ಣವಾಗಿ ತಪ್ಪುವುದಿಲ್ಲವೆಂಬುದನ್ನು ಆಚಾರ್ಯರು ಬಲ್ಲವರಾಗಿದ್ದರು. ಅಡುಗೆಯಲ್ಲಿ ಆರಂಭೀ ಹಿಂಸೆಯಿದೆ, ಬೇಸಾಯ ವ್ಯಾಪಾರಗಳಲ್ಲಿ ಉದ್ಯೋಗೀ ಹಿಂಸೆಯಿದೆ, ಆತ್ಮರಕ್ಷಣೆಯಲ್ಲಿ ವಿರೋಧೀ ಹಿಂಸೆಯಿದೆ. ಇವುಗಳನ್ನು ಮಿತಿಗೊಳಿಸಬೇಕೆಂದೂ, ಸಂಕಲ್ಪೀ ಹಿಂಸೆಯನ್ನು ತ್ಯಜಿಸಲೇಬೇಕೆಂದೂ ಅವರು ವಿಧಿಸಿದರು. ಆದರೆ ಯಾವ ಪ್ರಯೋಜನವೂ ಇಲ್ಲದೆ, ಕೇವಲ ಬೇಸರ ಕಳೆಯಲು ಮಾಡುವ ಕೇಡಿಗೆ ಬೇರೆಯೇ ಹೆಸರು ಬೇಕಾಯಿತು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು ಐದು ಬಗೆಯಾಗಿ ಎಣಿಸುತ್ತದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಈ ಪೈಕಿ ಹಿಂಸಾದಾನವೆಂದರೆ ಹಿಂಸೆಯ ಉಪಕರಣವನ್ನು ಇನ್ನೊಬ್ಬರ ಕೈಗೆ ಕೊಡುವುದು. ಹನ್ನೆರಡು ವರ್ಷದ ಬಾಲಕನ ಹುಟ್ಟುಹಬ್ಬಕ್ಕೆ ಪಿಸ್ತೂಲನ್ನು ಕೊಡುವ ತಂದೆಯು ಮಾಡುವುದು ಇದಲ್ಲದೆ ಮತ್ತೇನು?

ಇದಕ್ಕೆ ಬರುವ ಮೊದಲನೆಯ ಉತ್ತರ, ಇದು ಆಯುಧವೇ ಅಲ್ಲ, ಆಟಿಕೆ ಎಂಬುದು. ಜಾತ್ರೆಯಲ್ಲಿ ಬಲೂನು ಹೊಡೆಯುವ ಬಂದೂಕಿನ ತಮ್ಮನಂತಿರುವ ಇದಕ್ಕೆ ಸರ್ಕಾರವೇ ಪರವಾನಗಿ ಕೇಳುವುದಿಲ್ಲವಲ್ಲ ಎಂಬುದು ವಾದ. 2016ರ ಆಯುಧ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 4.5 ಮಿಲಿಮೀಟರನ್ನೂ ಶಕ್ತಿ 20 ಜೌಲ್‌ಗಳನ್ನೂ ಮೀರದ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲವೆಂಬುದು ನಿಜ. ಆದರೆ ಪರವಾನಗಿ ಬೇಡವೆಂದ ಮಾತ್ರಕ್ಕೆ ಅಪಾಯವೂ ಇಲ್ಲವೆಂದಾಗುವುದಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನಿಂದ ಸುಮಾರು ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಅದರ ಅರ್ಧ ವೇಗವೂ ಕಣ್ಣುಗುಡ್ಡೆಯನ್ನು ಭೇದಿಸಲು ಸಾಕು. ಗುರಿ ತಪ್ಪಿದ ಗುಂಡು ನೂರು ಮೀಟರಿಗೂ ಆಚೆ ಹೋಗಬಲ್ಲದು. ನಗರದ ಯಾವ ಹಿತ್ತಿಲಿಗೆ ನೂರು ಮೀಟರ್ ಉದ್ದವಿದೆ? ಗೋಡೆಯ ಆಚೆ ನೆರೆಮನೆಯಾಕೆ ಬಟ್ಟೆ ಒಣಗಿಸುತ್ತಿರುತ್ತಾಳೆ, ಮಗುವೊಂದು ಆಡುತ್ತಿರುತ್ತದೆ. ಕಾನೂನು ಜೌಲ್‌ಗಳನ್ನು ಅಳೆಯುತ್ತದೆ. ಧರ್ಮವು ಪ್ರಮಾದವನ್ನು ಅಳೆಯುತ್ತದೆ. ಪ್ರಮಾದದಿಂದ ಪ್ರಾಣಕ್ಕೆ ಹಾನಿಯೊಡ್ಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ನಿರ್ಣಯಿಸಿರುವಾಗ, ಪರವಾನಗಿಯ ಮಾತು ಶ್ರಾವಕನಿಗೆ ಸಮಾಧಾನವಾಗಲಾರದು.

ಎರಡನೆಯ ಉತ್ತರವು ಹೆಚ್ಚು ಗಂಭೀರವಾದುದು. ಹೊಡೆಯುವುದು ಕಾಗದವನ್ನು ಮಾತ್ರ. ಕಾಗದದಲ್ಲಿ ಯಾವ ಜೀವವಿದೆ ಎಂದು ಕೇಳುವವರಿದ್ದಾರೆ. ಇಲ್ಲಿ ನ್ಯಾಯವಾದ ಮಾತನ್ನು ಒಪ್ಪಲೇಬೇಕು. ಸ್ಪರ್ಧೆಯ ಗುರಿಹಲಗೆ ಯಾವ ಪ್ರಾಣಿಯ ಆಕೃತಿಯೂ ಅಲ್ಲ. ಅದು ಒಂದರೊಳಗೊಂದು ಬರೆದ ವೃತ್ತಗಳ ಸಮೂಹ. ನಡುವಿನ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿಲಿಮೀಟರ್. ಹತ್ತು ಮೀಟರ್ ದೂರದಿಂದ ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು, ಅರವತ್ತು ಬಾರಿ ಆ ಬಿಂದುವನ್ನು ಅರಸುವವನು ಯಾರ ಕೇಡನ್ನೂ ಬಯಸುವುದಿಲ್ಲ. ಸ್ಪರ್ಧೆಯೆಂಬುದೇ ಪಾಪವೆಂದು ಜೈನಧರ್ಮವು ಎಂದೂ ಹೇಳಿಲ್ಲ. ಸೇನೆಗಳು ನಾಶವಾಗಬಾರದೆಂದು ಭರತ ಬಾಹುಬಲಿಯರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಬಲವನ್ನು ಪರೀಕ್ಷಿಸಿಕೊಂಡ ಕಥೆಯನ್ನು ಪಂಪನ ಆದಿಪುರಾಣದ ನೆಲದಲ್ಲಿ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದುದರಿಂದ ಆಕ್ಷೇಪವಿರುವುದು ವೃತ್ತದ ಮೇಲಲ್ಲ, ಅದನ್ನು ನೋಡುವ ಕಣ್ಣಿನ ಮೇಲೂ ಅಲ್ಲ.

ಆದರೆ ಹಿತ್ತಿಲಿನ ಆಟವು ವೃತ್ತದಲ್ಲಿಯೇ ನಿಲ್ಲುತ್ತದೆಯೇ? ಕಾಗದ ಬೇಸರವಾದೊಡನೆ ಬಾಟಲಿ, ಡಬ್ಬಿಗಳು ಬರುತ್ತವೆ. ಆ ಬಳಿಕ ಹೊಡೆದೊಡನೆ ಬೀಳುವ ಲೋಹದ ಆಕೃತಿಗಳು ಬರುತ್ತವೆ. ಮೆಕ್ಸಿಕೋ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಒಂದು ಗುರಿಯಾಟದಲ್ಲಿ ನಾಲ್ಕು ಲೋಹದ ಆಕೃತಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ: ಕೋಳಿ, ಹಂದಿ, ಟರ್ಕಿ ಕೋಳಿ, ಟಗರು. ಎಲ್ಲಕ್ಕಿಂತ ಹತ್ತಿರದಲ್ಲಿ ನಿಲ್ಲುವುದು ಕೋಳಿ. ಏರ್ ಪಿಸ್ತೂಲಿಗೂ ಈ ಆಟ ಇಳಿದು ಬಂದಿದೆ. ಅಂಗೈಯಗಲದ ಲೋಹದ ಕೋಳಿಗಳು ಮಾರಾಟಕ್ಕಿವೆ.

ಕೋಳಿಯೆಂದೊಡನೆ ಕನ್ನಡದ ಜೈನ ಓದುಗನಿಗೆ ಜನ್ನನ ಯಶೋಧರ ಚರಿತೆಯ ನೆನಪಾಗದಿರದು. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನು ಜೀವಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿ ಹಿಟ್ಟಿನ ಕೋಳಿಯನ್ನಾದರೂ ಕೊಡೆಂದು ಒತ್ತಾಯಿಸುತ್ತಾಳೆ. ಜೀವವಿಲ್ಲದ ಹಿಟ್ಟಿನ ಮುದ್ದೆಗೆ ಕತ್ತಿ ಬಿದ್ದಾಗ ಅದು ಕೂಗಿಕೊಳ್ಳುತ್ತದೆ. ಆ ಒಂದು ಸಂಕಲ್ಪಕ್ಕೆ ತಾಯಿಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಹಿಟ್ಟಿನಲ್ಲಿ ಜೀವವಿರಲಿಲ್ಲವೆಂಬುದು ಅವರನ್ನು ಕಾಪಾಡಲಿಲ್ಲ. ಏಕೆಂದರೆ ಅದು ಕೋಳಿಯೆಂಬ ಭಾವದಿಂದಲೇ ಕತ್ತಿ ಎತ್ತಲ್ಪಟ್ಟಿತ್ತು. ಲೋಹದ ಕೋಳಿಯನ್ನು ಉರುಳಿಸಿ ಕೇಕೆ ಹಾಕುವ ಬಾಲಕನಿಗೆ ಅಂತಹ ಘೋರ ಕರ್ಮಬಂಧವಾಗುವುದೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ವೃತ್ತವನ್ನು ಹೊಡೆಯುವುದಕ್ಕೂ ಕೋಳಿಯನ್ನು ಹೊಡೆಯುವುದಕ್ಕೂ ನಡುವಿನ ಗೆರೆ ಅಲ್ಲಿಯೇ ಅಳಿಸಿಹೋಗುತ್ತದೆ. ಪ್ರಾಣಿಯ ಆಕೃತಿ ಉರುಳಿದಾಗ ಸಂತೋಷಪಡುವುದನ್ನು ಕಲಿತ ಮನಸ್ಸಿಗೆ, ನುಗ್ಗೆಮರದಲ್ಲಿ ಕುಳಿತ ಗೊರವಂಕವೂ ಪೇರಲೆ ತಿನ್ನುವ ಅಳಿಲೂ ಮುಂದಿನ ಗುರಿಗಳಾಗುವುದು ಬಹುದೂರದ ಮಾತಲ್ಲ.

ಇದು ಕೇವಲ ಊಹೆಯೆನ್ನುವವರು ಅರುಣಾಚಲ ಪ್ರದೇಶದ ಕಡೆಗೆ ನೋಡಬೇಕು. ಅಲ್ಲಿ ಹಳ್ಳಿಹಳ್ಳಿಯ ಮನೆಗಳಲ್ಲಿದ್ದ ಏರ್‌ಗನ್ನುಗಳಿಂದ ಕಾಡಿನ ಹಕ್ಕಿಗಳು ಅಳಿಯುತ್ತಿರುವುದನ್ನು ಮನಗಂಡು 2021ರಲ್ಲಿ ಏರ್‌ಗನ್ನುಗಳನ್ನು ಒಪ್ಪಿಸುವ ಅಭಿಯಾನವನ್ನೇ ಆರಂಭಿಸಬೇಕಾಯಿತು. ಪೂರ್ವ ಕಾಮೆಂಗ್ ಜಿಲ್ಲೆಯ ಲುಮ್‌ಡುಂಗ್ ಗ್ರಾಮದಲ್ಲಿ ಮೊದಲಾದ ಈ ಅಭಿಯಾನದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ತಮ್ಮ ಏರ್‌ಗನ್ನುಗಳನ್ನು ಸ್ವಇಚ್ಛೆಯಿಂದ ಒಪ್ಪಿಸಿದರು. ಬೇಟೆಯ ಪರಂಪರೆಯಿರುವ ಜನರೇ ಆಯುಧವನ್ನು ಕೆಳಗಿಡುತ್ತಿರುವ ಕಾಲದಲ್ಲಿ, ಅಹಿಂಸೆಯ ಪರಂಪರೆಯವರು ಅದನ್ನು ಕೊಳ್ಳಲು ಅಂಗಡಿಯ ಮುಂದೆ ನಿಲ್ಲುವುದು ಎಂತಹ ವಿಪರ್ಯಾಸ!

ಮೂರನೆಯ ವಾದ ಇತಿಹಾಸದ್ದು. ಚಾವುಂಡರಾಯ ಸೇನಾಪತಿಯಾಗಿರಲಿಲ್ಲವೇ? ಹೊಯ್ಸಳರ ಗಂಗರಾಜನು ಕತ್ತಿ ಹಿಡಿಯಲಿಲ್ಲವೇ? ಹಿಡಿದರು, ನಿಜ. ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದ ಕೈಯೇ ರಣರಂಗದಲ್ಲಿ ಕತ್ತಿಯನ್ನೂ ಹಿಡಿದಿತ್ತು. ಆದರೆ ಅವರ ಕತ್ತಿಗೆ ಪ್ರಯೋಜನವಿತ್ತು. ಅದು ರಾಜ್ಯರಕ್ಷಣೆಯ ಭಾರವನ್ನು ಹೊತ್ತ ವಿರೋಧೀ ಹಿಂಸೆ. ಅವರ ಉದಾಹರಣೆಯು ಅನರ್ಥದಂಡ ವ್ರತವನ್ನು ಸಡಿಲಿಸುವುದಿಲ್ಲ, ಬಿಗಿಗೊಳಿಸುತ್ತದೆ. ಭಾನುವಾರದ ಬೇಸರವನ್ನು ಚಾವುಂಡರಾಯನ ಕರ್ತವ್ಯದೊಡನೆ ತೂಗುವುದು ಆ ಮಹಾಪುರುಷನಿಗೆ ಮಾಡುವ ಅಪಚಾರ.

ನಾಲ್ಕನೆಯ ವಾದ ಏಕಾಗ್ರತೆಯದು. ಗುರಿಯಿಡುವವನ ಉಸಿರು ನಿಲ್ಲುತ್ತದೆ, ಮನಸ್ಸು ಒಂದೆಡೆ ನೆಲೆಗೊಳ್ಳುತ್ತದೆ. ಇದೂ ಒಂದು ಧ್ಯಾನವಲ್ಲವೇ ಎಂದು ಕೇಳುತ್ತಾರೆ. ಧ್ಯಾನವೇ ಹೌದು. ಆದರೆ ಧ್ಯಾನದಲ್ಲಿ ನಾಲ್ಕು ಬಗೆಗಳಿವೆಯೆಂಬುದನ್ನು ಜೈನ ಬಾಲಬೋಧೆಯನ್ನು ಓದಿದವರೂ ಬಲ್ಲರು: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ಮೊದಲಿನ ಎರಡರಲ್ಲಿಯೂ ಏಕಾಗ್ರತೆಯಿದೆ. ಕೊಕ್ಕರೆಯೂ ಏಕಾಗ್ರಚಿತ್ತದಿಂದಲೇ ನಿಂತಿರುತ್ತದೆ. ಏಕಾಗ್ರತೆಯು ತನ್ನಷ್ಟಕ್ಕೆ ಪುಣ್ಯವಲ್ಲ; ಯಾವುದರ ಮೇಲೆ ಎಂಬುದೇ ಮುಖ್ಯ. ಚಿತ್ತಸ್ಥೈರ್ಯವೇ ಬೇಕಾದವನಿಗೆ 48 ನಿಮಿಷದ ಸಾಮಾಯಿಕವಿದೆ. ಅದಕ್ಕೆ ಗುಂಡೂ ಬೇಕಿಲ್ಲ, ಗೋಡೆಯೂ ಬೇಕಿಲ್ಲ.

ಇನ್ನು ಅಗ್ಗವೆಂಬ ಮಾತು. ದುಂದುವೆಚ್ಚ ಮಾಡದಿರುವುದು ಅಪರಿಗ್ರಹಕ್ಕೆ ಅನುಗುಣವೆಂದು ಹೇಳಿ ಅಗ್ಗದ ಪಿಸ್ತೂಲನ್ನು ಸಮರ್ಥಿಸುವವರು ಅದರ ಗುಣಗಳನ್ನಾದರೂ ತಿಳಿದಿರಬೇಕು. ನಳಿಗೆಯನ್ನು ಮಡಿಸಿ ಸ್ಪ್ರಿಂಗನ್ನು ಬಿಗಿಯುವ ಪಿಸ್ತೂಲಿನಲ್ಲಿ ಗುಂಡು ನಳಿಗೆಯಿಂದ ಹೊರಬೀಳುವ ಮೊದಲೇ ಒಳಗಿನ ಪಿಸ್ಟನ್ ಮುನ್ನುಗ್ಗಿ ಇಡೀ ಪಿಸ್ತೂಲನ್ನು ಅಲುಗಿಸುತ್ತದೆ. ಕಲಿಯುವವನ ಗುರಿ ತಪ್ಪುವುದು ಸಹಜ. 12 ಗ್ರಾಂ ಇಂಗಾಲದ ಡೈಆಕ್ಸೈಡಿನ ಪುಟ್ಟ ಸಿಲಿಂಡರಿನಿಂದ ನಡೆಯುವುದಕ್ಕೆ ಮತ್ತೆ ಮತ್ತೆ ಹಣ ಸುರಿಯಬೇಕು. ಬೇಗ ಬೇಗ ಹೊಡೆದರೆ ಅನಿಲ ತಣ್ಣಗಾಗಿ ಒತ್ತಡ ಕುಗ್ಗುತ್ತದೆ. ಇಂತಹ ಅನೇಕ ಅಗ್ಗದ ಪಿಸ್ತೂಲುಗಳು ಸೀಸದ ಬದಲು ಉಕ್ಕಿನ ಪುಟ್ಟ ಗೋಲಿಗಳನ್ನು ಹಾರಿಸುತ್ತವೆ. ಸೀಸವು ಗಟ್ಟಿ ಗೋಡೆಗೆ ಬಡಿದರೆ ಚಪ್ಪಟೆಯಾಗುತ್ತದೆ; ಉಕ್ಕಿನ ಗೋಲಿ ಚಪ್ಪಟೆಯಾಗದು, ಹೊಡೆದವನ ಮುಖದ ಕಡೆಗೇ ಮರಳುತ್ತದೆ. ಸೀಸದ ಕಥೆಯೂ ಶುದ್ಧವಲ್ಲ. ಮಣ್ಣಿನಲ್ಲಿ ಉಳಿದ ಸೀಸ ವಿಷ. ಕಾಳೆಂದೋ ಹರಳೆಂದೋ ಅದನ್ನು ನುಂಗಿದ ಹಕ್ಕಿ ಗುಂಡೇಟಿಲ್ಲದೆಯೇ ಸಾಯುತ್ತದೆ. ಗುಂಡು ಮುಟ್ಟಿದ ಕೈ ತೊಳೆಯದೆ ಮಗು ಊಟಕ್ಕೆ ಕುಳಿತರೆ ಆ ವಿಷ ತಟ್ಟೆಗೂ ಬರುತ್ತದೆ.

ಎಲ್ಲಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ನುರಿತ ಸ್ಪರ್ಧಿಗಳು ತಮ್ಮ ಅಭ್ಯಾಸದ ಬಹುಭಾಗವನ್ನು ಗುಂಡಿಲ್ಲದೆಯೇ ಮಾಡುತ್ತಾರೆ. ಪಿಸ್ತೂಲನ್ನು ಎತ್ತಿ, ಉಸಿರು ಹಿಡಿದು, ಗುರಿಯಿಟ್ಟು, ಖಾಲಿ ಟ್ರಿಗರನ್ನು ಮೃದುವಾಗಿ ಒತ್ತುವುದು ಆ ಅಭ್ಯಾಸ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಇದಕ್ಕೆಂದೇ ವ್ಯವಸ್ಥೆಯಿರುತ್ತದೆ. ಅಗ್ಗದ ಸ್ಪ್ರಿಂಗ್ ಪಿಸ್ತೂಲನ್ನು ಖಾಲಿಯಾಗಿ ಹಾರಿಸಿದರೆ ಅದರ ಪಿಸ್ಟನ್ನೇ ಕೆಡುತ್ತದೆ. ಎಂದರೆ, ಯಾರಿಗೂ ಕೇಡಿಲ್ಲದ, ನಿಜವಾದ ವಿದ್ಯೆಯನ್ನು ಕಲಿಸುವ ಅಭ್ಯಾಸಕ್ಕೆ ಒದಗದ ಉಪಕರಣವನ್ನೇ ಗೃಹಸ್ಥನು ಅಗ್ಗವೆಂದು ಆರಿಸಿ ತರುತ್ತಾನೆ! ವಿಚಾರವಿಲ್ಲದೆ ಉಪಕರಣಗಳನ್ನು ಕೂಡಿಹಾಕಿ ವ್ಯವಹರಿಸುವ ಈ ದೋಷವನ್ನು ಅಸಮೀಕ್ಷ್ಯಾಧಿಕರಣವೆಂಬ ಹೆಸರಿನಿಂದ ಅನರ್ಥದಂಡ ವ್ರತದ ಅತಿಚಾರಗಳಲ್ಲಿ ಎಣಿಸಿರುವ ಆಚಾರ್ಯರ ದೂರದೃಷ್ಟಿ ಬೆರಗು ಹುಟ್ಟಿಸುವಂಥದು.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಏರ್ ರೈಫಲ್ಲಿನ ಚಿನ್ನ ಗೆದ್ದ ಅಭಿನವ್ ಬಿಂದ್ರಾ ಅವರು ಮನೆಯಲ್ಲಿಯೇ ಅಭ್ಯಾಸ ಮಾಡಲಿಲ್ಲವೇ ಎಂದು ಕೆಲವರು ಕೇಳಬಹುದು. ಮಾಡಿದರು, ಆದರೆ ಅವರ ತಂದೆ ಕಟ್ಟಿಸಿಕೊಟ್ಟದ್ದು ಒಳಾಂಗಣದ ಸುಸಜ್ಜಿತ ರೇಂಜನ್ನು. ಸುತ್ತ ಗೋಡೆ, ಮೇಲೆ ಸೂರು, ಗುರಿಯ ಹಿಂದೆ ಪ್ರತಿಯೊಂದು ಗುಂಡನ್ನೂ ಹಿಡಿದಿಡುವ ಪೆಟ್ಟಿಗೆ, ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಬಲ್ಲವರಾದ ಹಿರಿಯರು, ಬೀಗದೊಳಗೆ ಪಿಸ್ತೂಲು: ಇಷ್ಟೂ ಇರುವ ಸ್ಥಳಕ್ಕೆ ರೇಂಜ್ ಎಂದು ಹೆಸರು. ಇವುಗಳಲ್ಲಿ ಒಂದು ಇಲ್ಲದಿದ್ದರೂ ಅದು ಬರಿಯ ಹಿತ್ತಿಲು. ಇಷ್ಟನ್ನೂ ಒದಗಿಸಹೊರಟರೆ ಅಗ್ಗವೆಂಬ ಮಾತು ಅಲ್ಲಿಗೇ ಮುಗಿಯಿತು.

ಹಾಗಾದರೆ ಒಲವಿರುವ ಮಗನಿಗೆ ತಂದೆ ಏನು ಹೇಳಬೇಕು? ಬೇಡವೆಂದಷ್ಟೇ ಹೇಳಿ ಬಾಗಿಲು ಮುಚ್ಚಬೇಕಾಗಿಲ್ಲ. ಅವನನ್ನು ತರಬೇತಿ ಕೊಡುವ ರೇಂಜಿಗೆ ಕರೆದೊಯ್ಯಲಿ. ಹಲವು ಕ್ಲಬ್ಬುಗಳಲ್ಲಿ ಹೊಸಬರಿಗೆ ಕ್ಲಬ್ಬಿನ ಪಿಸ್ತೂಲನ್ನೇ ಕೊಟ್ಟು ಕಲಿಸುತ್ತಾರೆ. ಅಲ್ಲಿ ವೃತ್ತವಲ್ಲದೆ ಬೇರೆ ಗುರಿಯಿಲ್ಲ, ಅಪ್ಪಣೆಯಿಲ್ಲದೆ ಒಂದು ಗುಂಡೂ ಹಾರುವುದಿಲ್ಲ. ಒಂದು ವರ್ಷ ಅಲ್ಲಿ ನಿಷ್ಠೆಯಿಂದ ಕಲಿತವನಿಗೆ ಪ್ರಯೋಜನವೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಕಲಿಯಲೊಲ್ಲದವನಿಗೆ ಬೇಕಾಗಿದ್ದುದು ವಿದ್ಯೆಯಲ್ಲ, ಕೈಯಲ್ಲೊಂದು ಆಯುಧವಿದೆಯೆಂಬ ಹೆಮ್ಮೆ ಮಾತ್ರ ಎಂಬುದೂ ಅಷ್ಟೇ ಸ್ಪಷ್ಟವಾಗುತ್ತದೆ. ಮಗನ ಚಪಲವು ಆಗಲೇ ಆರಿದರೆ ತಂದೆಗೆ ಉಳಿತಾಯವೂ ಆಯಿತು.

ಮುಂಜಾನೆ ನೀರು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ, ಕಣ್ಣಿಗೆ ಕಾಣದ ಜೀವಿಗಳ ಸಲುವಾಗಿ ಇಷ್ಟೆಲ್ಲ ಎಚ್ಚರ ವಹಿಸುವ ಮನೆಯೊಂದರ ಹಿತ್ತಿಲಿನಲ್ಲಿ, ಕಣ್ಣಿಗೆ ಕಾಣುವ ಹಕ್ಕಿಗಳು ಭಾನುವಾರ ಬಂದರೆ ಹಾರಿಹೋಗುವಂತಾದರೆ ಆ ಎಚ್ಚರಕ್ಕೆ ಏನರ್ಥ? ಆ ಹಿತ್ತಿಲಿನಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡಲಿ. ಅದಕ್ಕೆ ತಗಲುವ ವೆಚ್ಚ ಅತ್ಯಂತ ಅಗ್ಗದ ಪಿಸ್ತೂಲಿಗಿಂತಲೂ ಕಡಿಮೆ. ಹಕ್ಕಿಗಳು ಹತ್ತು ಮೀಟರಿಗಿಂತಲೂ ಹತ್ತಿರ ಬರುತ್ತವೆ.