ಪಹಣಿ ಇಲ್ಲದವರಿಗೆ ಸಾಲ ಕೊಡುವವರು ಯಾರು?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ 'ಸಂಘದ ದಿನ' ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ವಾರಕ್ಕೊಮ್ಮೆ ಹೆಂಗಸರು ಒಂದು ಮನೆಯ ಜಗಲಿಯಲ್ಲಿ ಸೇರುತ್ತಾರೆ. ಮೈಕ್ರೋಫೈನಾನ್ಸ್ ಸಿಬ್ಬಂದಿ ಬೈಕಿನಲ್ಲಿ ಬಂದು ಕಂತು ವಸೂಲಿ ಮಾಡಿಕೊಂಡು ಹೋಗುತ್ತಾರೆ. ಮಕ್ಕಳ ಕಾಲೇಜು ಶುಲ್ಕ, ಅಜ್ಜಿಯ ಆಸ್ಪತ್ರೆ ಖರ್ಚು ಎಷ್ಟೋ ಮನೆಗಳಲ್ಲಿ ಈ ಸಾಲದಿಂದಲೇ ನಡೆದಿದೆ. ಹಾಗಾಗಿ 'ಸಾಲ ಮಾಡಿದ್ದೇ ತಪ್ಪು' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರಿಗೆ ಬೇರೆ ದಾರಿ ಇತ್ತೇ ಎಂಬುದು ನನ್ನ ಪ್ರಶ್ನೆ.

ಜಮೀನು ಇದ್ದವರಿಗೆ ದಾರಿ ಇದೆ. ಸಹಕಾರ ಸಂಘದಲ್ಲಿ 5 ಲಕ್ಷ ರೂಪಾಯಿವರೆಗೆ ಶೂನ್ಯ ಬಡ್ಡಿಯ ಬೆಳೆ ಸಾಲ ಸಿಗುತ್ತದೆ. ಆದರೆ ಅದಕ್ಕೆ ಪಹಣಿ ಬೇಕು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟವರಲ್ಲಿ ಅನೇಕ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಬಗರ್‌ಹುಕುಂ ಸಾಗುವಳಿದಾರರು, ತೋಟದ ಕೂಲಿಯವರು, ಸಂತೆ ವ್ಯಾಪಾರಿಗಳಿಗೂ ಪಹಣಿ ಇಲ್ಲ. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ರಾಜ್ಯದ ಕಣಗಿನಹಾಳದಲ್ಲಿ. ಸಹಕಾರದ ಬಾಗಿಲು ಜಮೀನಿಲ್ಲದವರಿಗೂ ಅಷ್ಟೇ ಸುಲಭವಾಗಿ ತೆರೆಯಬೇಕಿತ್ತು.

ನಮ್ಮ ಕಾಲೇಜಿನ ಅನೇಕ ಮನೆಗಳಲ್ಲಿ ಬಡ್ಡಿ ಕೊಡುವುದೂ ಬೇಡ, ತಿನ್ನುವುದೂ ಬೇಡ ಎಂಬ ನಂಬಿಕೆ ಇದೆ. ಆದರೆ ಆಸ್ಪತ್ರೆಯ ಬಿಲ್ಲು ಬಂದ ದಿನ ಬಡ್ಡಿಯಿಲ್ಲದ ಕೈಸಾಲ ಹುಟ್ಟದಿದ್ದರೆ ಅವರೂ ಅದೇ ಜಗಲಿಗೆ ಹೋಗಬೇಕಾಗುತ್ತದೆ.

ಕಿರುಕುಳ ತಡೆಯಲು ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇದು ಬೇಕಿತ್ತು. ಆದರೆ ಬೆದರಿಸುವವರನ್ನು ತಡೆಯುವ ಕಾನೂನು ಮುಂದಿನ ಜೂನ್‌ನಲ್ಲಿ ಶುಲ್ಕ ಕಟ್ಟಲು ಹಣ ಕೊಡುವುದಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ, ಜಡಿಮಳೆಯಲ್ಲಿ ಕೂಲಿ ಸಿಗುವುದೇ ಕಷ್ಟ. ಎಲೆಚುಕ್ಕಿ ರೋಗ ಬಂದ ತೋಟಗಳಲ್ಲಂತೂ ಕೆಲಸವೇ ಕಡಿಮೆಯಾಗುತ್ತದೆ. ವಾರದ ಕಂತಿಗೆ ಮಾತ್ರ ಮಳೆಗಾಲವಿಲ್ಲ. ಒಂದು ಕಂತು ತೀರಿಸಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುವುದು ಶುರುವಾಗುವುದು ಇಲ್ಲೇ.

ಇನ್ನೊಂದು ದಾರಿ ಸ್ತ್ರೀಶಕ್ತಿ, ಸಂಜೀವಿನಿಯಂಥ ಸ್ವಸಹಾಯ ಗುಂಪುಗಳದು. ಆರು ತಿಂಗಳು ಸರಿಯಾಗಿ ನಡೆದ ಗುಂಪಿಗೆ ಬ್ಯಾಂಕು ಜಮೀನಿನ ಅಡಮಾನವಿಲ್ಲದೆ ಸಾಲ ಕೊಡಬಹುದು. ಆದರೂ ಜನ ಕಂಪನಿಯ ಕಡೆಗೇ ಹೋಗುತ್ತಾರೆ. ಬ್ಯಾಂಕಿಗೆ ನಾಲ್ಕು ಸಲ ಅಲೆದರೆ ನಾಲ್ಕು ದಿನದ ಕೂಲಿ ಹೋಗುತ್ತದೆ, ಕಂಪನಿಯವರು ಮನೆ ಬಾಗಿಲಿಗೇ ಬರುತ್ತಾರೆ. ಬ್ಯಾಂಕು, ಸಹಕಾರ ಸಂಘಗಳು ತಿಂಗಳಿಗೊಮ್ಮೆ ಹಳ್ಳಿಗೇ ಬಂದು ಅರ್ಜಿ ಪಡೆಯಲಿ, ಸುಗ್ಗಿಗೆ ಹೊಂದುವಂತೆ ಕಂತು ಗೊತ್ತುಮಾಡಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದ ಒಂದು ಕೆಲಸವಿದೆ. ಮನೆಯಲ್ಲಿರುವ ಸಾಲದ ಕಾರ್ಡನ್ನು ಓದೋಣ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ವಾರ್ಷಿಕ ಬಡ್ಡಿ ದರ ಅದರಲ್ಲಿ ಬರೆದಿರಬೇಕು. ಎಲ್ಲ ಸಾಲಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ.

ಲೆಕ್ಕವನ್ನೂ ನೋಡೋಣ. 10,000 ರೂಪಾಯಿ ಸಾಲಕ್ಕೆ 'ವರ್ಷಕ್ಕೆ ನೂರಕ್ಕೆ 12' ಎಂದು 1,200 ಸೇರಿಸಿ 12 ಕಂತು ಮಾಡಿದರೆ, ಅಸಲು ತಿಂಗಳು ತಿಂಗಳು ತೀರುತ್ತಾ ಹೋಗುತ್ತದೆ. ವರ್ಷವಿಡೀ ನಮ್ಮ ಕೈಯಲ್ಲಿ ಸರಾಸರಿ ಉಳಿಯುವುದು ಸುಮಾರು 5,400 ಮಾತ್ರ. ಅಂದರೆ ನಿಜವಾದ ಬಡ್ಡಿ ಶೇ. 22ರ ಹತ್ತಿರ.

ಈ ಲೆಕ್ಕ ಪಿಯುಸಿ ವಿದ್ಯಾರ್ಥಿಗೆ ಕಷ್ಟವಲ್ಲ, ಕಾರ್ಡು ಹಿಡಿದ ತಾಯಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಮುಂದಿನ ಪೋಷಕರ ಸಭೆಯ ದಿನ ವಾಣಿಜ್ಯ ವಿಭಾಗದವರು ಒಂದು ಮೇಜು ಹಾಕಿ, ತಂದವರ ಕಾರ್ಡು ಓದಿ ಲೆಕ್ಕ ಹೇಳಲು ಅವಕಾಶ ಕೊಡಬೇಕೆಂದು ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ನನ್ನ ವಿನಂತಿ. ಮೇಜಿನ ಹಿಂದೆ ಕೂರಲು ನಾನು ಸಿದ್ಧ.