ಬಿಟ್ಟಿ ಡಬ್ಬಿ: ಬಿಲ್ಲು ಯಾರ ಹೆಸರಿಗೆ?

ದಾವಣಗೆರೆ ಮಂಡಿಪೇಟೆಯ ಕಿರಾಣಿ ಸಾವ್ಕಾರರೊಬ್ಬರ ಮನೆಗೆ ದೀಪಾವಳಿ ಮುಂದೆ ಒಂದು ಕರೀ ಡಬ್ಬಿ ಬಂತು. ಅಂಗೈ ಅಗಲದ್ದು. ಹಳೇ ಟಿವಿಯ ಬೆನ್ನಿಗೆ ಸಿಕ್ಕಿಸಿ, ಮನೆಯ ವೈಫೈ ಕೊಟ್ಟರೆ ಆಯ್ತು. ಕೈಚೀಲದಲ್ಲಿ ಅದನ್ನು ತಂದ ಹುಡುಗ ಹೇಳಿದ್ದು ಇಷ್ಟೇ: "ಸಾವ್ಕಾರ್ರೇ, ಒಂದ್ಸಲ ಎರಡೂವರೆ ಸಾವಿರ ಕೊಟ್ಬಿಡ್ರಿ. ಆಮೇಲೆ ಜೀವ ಇರೋತನಕ ಒಂದು ಪೈಸೆ ಇಲ್ಲ. ಮೊನ್ನೆ ಟಾಕೀಸಿಗೆ ಬಂದ ಪಿಚ್ಚರ್ರೂ ಇದ್ರಾಗೆ ಐತೆ, ಕ್ರಿಕೆಟ್ಟೂ ಐತೆ."

ಒಂದು ಮೂಟೆ ಬೆಲ್ಲ ಬಂದರೆ ತೂಕ ನೋಡಿ, ಬಿಲ್ಲು ನೋಡಿ, ಜಿಎಸ್‌ಟಿ ನಂಬರು ನೋಡಿ ಇಳಿಸಿಕೊಳ್ಳುವ ಮನುಷ್ಯ ಇವರು. ಡಬ್ಬಿಗೆ ಮಾತ್ರ ಬಿಲ್ಲು ಕೇಳಲಿಲ್ಲ. ಅದರ ಮೇಲೆ ಕಂಪನಿ ಹೆಸರಿದೆಯೋ ಇಲ್ಲವೋ ತಿರುಗಿಸಿಯೂ ನೋಡಲಿಲ್ಲ. ಬಿಟ್ಟಿ ಎಂಬ ಎರಡೂವರೆ ಅಕ್ಷರಕ್ಕೆ ಅಷ್ಟು ಶಕ್ತಿ.

ಹದಿನೈದು ದಿನ ಮನೆಯೆಲ್ಲಾ ಜಾತ್ರೆ. ಅಕ್ಕಪಕ್ಕದವರೂ ಬಂದು ಕೂತು ನೋಡಿದರು. ಆಮೇಲೆ ಇಂಟರ್‌ನೆಟ್ ತೆವಳೋಕೆ ಶುರುವಾಯ್ತು. ಕೆಳಗೆ ಅಂಗಡಿಯಲ್ಲಿ ಬಿಲ್ಲಿಂಗ್ ಕಂಪ್ಯೂಟರು ಅದೇ ವೈಫೈ ಮೇಲಿರುವುದು. ಗಿರಾಕಿ ನಿಂತಿದ್ದಾನೆ, ಬಿಲ್ಲು ಬರಲ್ಲ. ಇತ್ತ ಡಬ್ಬಿಯಲ್ಲಿ ಒಂದೊಂದೇ ಚಾನೆಲ್ಲು ಬಾಗಿಲು ಹಾಕಿಕೊಂಡಿತು. ಹುಡುಗನ ಫೋನು ಸ್ವಿಚ್ ಆಫ್. ಜೀವ ಇರೋತನಕ ಅಂದಿದ್ದನಲ್ಲ, ಅದು ಡಬ್ಬಿಯ ಜೀವವೋ ಸಾವ್ಕಾರರ ಜೀವವೋ ಎಂದು ಪಕ್ಕದ ಎಣ್ಣೆ ಅಂಗಡಿಯವರು ನಗಾಡಿದರು.

ಹೋದದ್ದು ಎರಡೂವರೆ ಸಾವಿರ ಮಾತ್ರ ಅಂದುಕೊಂಡರೆ ತಪ್ಪು. ಇಂಥ ಹೆಸರಿಲ್ಲದ ಡಬ್ಬಿಗಳ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಜನರಿಗೆ ಎಚ್ಚರಿಕೆ ಹೊರಡಿಸಿತು. ಕೆಲವು ಡಬ್ಬಿಗಳಲ್ಲಿ ಕಳ್ಳಬಾಗಿಲನ್ನು ಮಾರುವ ಮೊದಲೇ ಇಟ್ಟಿರುತ್ತಾರೆ. ಇನ್ನು ಕೆಲವಕ್ಕೆ, ಮನೆಗೆ ಬಂದ ಮೇಲೆ ಇಳಿಸಿಕೊಳ್ಳುವ ಆ್ಯಪ್ ಮೂಲಕ ಅದು ಒಳಗೆ ಬರುತ್ತದೆ. ಆ ಜಾಲದ ಹೆಸರು ಬ್ಯಾಡ್‌ಬಾಕ್ಸ್. ಮಾರನೇ ತಿಂಗಳು ಗೂಗಲ್ ಕಂಪನಿ ನ್ಯೂಯಾರ್ಕಿನ ಕೋರ್ಟಿಗೆ ಹೋಗಿ, ಒಂದು ಕೋಟಿಗೂ ಹೆಚ್ಚು ಸಾಧನಗಳು ಈ ಜಾಲಕ್ಕೆ ಸಿಕ್ಕಿವೆ ಎಂದು ದಾವೆ ಹೂಡಿತು. ಅದಕ್ಕೂ ಮೊದಲೇ, 2024ರ ಡಿಸೆಂಬರ್‌ನಲ್ಲಿ, ಜರ್ಮನಿ ಸರ್ಕಾರದ ಸೈಬರ್ ಭದ್ರತಾ ಇಲಾಖೆ ತನ್ನ ದೇಶದ ಸುಮಾರು 30,000 ಸಾಧನಗಳು ಕಳ್ಳರ ಜತೆ ಮಾತಾಡದಂತೆ ತಂತಿ ಕಡಿದಿತ್ತು.

ಆ ಡಬ್ಬಿ ಮಾಡುವುದಾದರೂ ಏನು? ಮನೆಯವರು ಮಲಗಿದ ಮೇಲೂ ಅದು ಎದ್ದಿರುತ್ತದೆ. ಯಾರೂ ನೋಡದ ಜಾಹೀರಾತನ್ನು ತಾನೇ ಒತ್ತಿ ಕಳ್ಳರಿಗೆ ದುಡ್ಡು ಮಾಡಿಕೊಡುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಮನೆಯ ಇಂಟರ್‌ನೆಟ್ಟನ್ನು ಎಲ್ಲೋ ಕೂತ ಯಾರಿಗೋ ಬಾಡಿಗೆಗೆ ಬಿಡುತ್ತದೆ. ಅವನು ಎಲ್ಲಿಂದಲೋ ಮಾಡಿದ ಮೋಸಕ್ಕೆ ವಿಳಾಸ ಹುಡುಕುತ್ತಾ ಹೋದರೆ ಸಿಗುವುದು ಮಂಡಿಪೇಟೆಯ ಮನೆ. ಬಾಡಿಗೆ ಕರಾರಿಲ್ಲ, ಅಡ್ವಾನ್ಸಿಲ್ಲ, ಬಾಡಿಗೆದಾರನ ಮುಖ ನೋಡಿಲ್ಲ. ಆದರೆ ಪೊಲೀಸರು ಕದ ತಟ್ಟುವುದು ಮಾಲೀಕರದ್ದೇ.

ಎಫ್‌ಬಿಐ ಕೊಟ್ಟ ಗುರುತುಗಳನ್ನು ಕೇಳಿ. ಕೇಳಿಲ್ಲದ ಕಂಪನಿಯ ಸಾಧನ. ಎಲ್ಲಾ ಬೀಗ ತೆಗೆದದ್ದು, ಎಲ್ಲವೂ ಬಿಟ್ಟಿ ಎಂಬ ಪ್ರಚಾರ. ಗೂಗಲ್ಲಿನ ಕಾವಲು ಬಂದ್ ಮಾಡು ಎನ್ನುವುದು. ಬೇರೆ ಎಲ್ಲಿಂದಲೋ ಆ್ಯಪ್ ಇಳಿಸು ಎನ್ನುವುದು. ಕೈಚೀಲದ ಹುಡುಗ ಸಾವ್ಕಾರರ ಮುಂದೆ ಒದರಿದ್ದೂ ಇದನ್ನೇ ಅಲ್ಲವೇ? ಅಮೆರಿಕದವರು ಅಪಾಯದ ಗುರುತು ಎಂದು ಬರೆದದ್ದನ್ನು ಅವನು ಗುಣವಿಶೇಷ ಎಂದು ಮಾರಿದ.

ಜನ ಇಂಥದ್ದಕ್ಕೆ ಯಾಕೆ ಬೀಳುತ್ತಾರೆ ಎಂದು ಎಸಿ ರೂಮಿನಲ್ಲಿ ಕೂತು ಬೈಯುವುದು ಸುಲಭ. ಗಂಡ, ಹೆಂಡತಿ, ಎರಡು ಮಕ್ಕಳು ಮಲ್ಟಿಪ್ಲೆಕ್ಸಿಗೆ ಹೋಗಿ ಬಂದರೆ ವಾರದ ಸಂತೆ ದುಡ್ಡು ಖಾಲಿ. ಟಿಕೆಟ್ಟಿಗೆ 200 ರೂಪಾಯಿ ಮೇಲೆ ತೆಗೆದುಕೊಳ್ಳಬಾರದು ಎಂದು ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟಿನಲ್ಲಿ ತಡೆ ಬಿತ್ತು. ಮನೆಯಲ್ಲೇ ನೋಡೋಣ ಎಂದರೆ ಸಿನಿಮಾ ಒಂದು ಆ್ಯಪಿನಲ್ಲಿ, ಕ್ರಿಕೆಟ್ಟು ಇನ್ನೊಂದರಲ್ಲಿ, ಧಾರಾವಾಹಿ ಮತ್ತೊಂದರಲ್ಲಿ, ಒಂದೊಂದಕ್ಕೂ ಬೇರೆ ಬೇರೆ ಚಂದಾ. ಐಪಿಎಲ್ ಕಥೆ ಗೊತ್ತಿರುವುದೇ. 2023ರಲ್ಲಿ ಜಿಯೋಸಿನಿಮಾದಲ್ಲಿ ಎಲ್ಲರಿಗೂ ಬಿಟ್ಟಿ, ಕನ್ನಡದ ಕಾಮೆಂಟರಿ ಬೇರೆ. 2025ರ ಫೆಬ್ರವರಿಯಲ್ಲಿ ಅದೂ ಹಾಟ್‌ಸ್ಟಾರೂ ಒಂದಾದವು, ಆ ಸಲದ ಐಪಿಎಲ್ಲಿಗೆ ಸ್ವಲ್ಪ ಹೊತ್ತು ತೋರಿಸಿ ಚಂದಾ ಕೇಳಿದರು. ಹೊಸ ಹೋಟೆಲಿನವನು ಮೊದಲ ವಾರ ಬೆಣ್ಣೆ ದೋಸೆಗೆ ಎರಡು ಚಮಚ ಬೆಣ್ಣೆ ಜಾಸ್ತಿ ಹಾಕುವ ಹಾಗೆ. ಆ ವರ್ಷವೇ ಆರ್‌ಸಿಬಿ ಮೊದಲ ಸಲ ಕಪ್ಪು ಗೆದ್ದದ್ದು. ಹೊಟ್ಟೆ ಉರಿಯದೇ ಇರುತ್ತದೆಯೇ?

ಹಾಗಂತ ಕದ್ದ ಮಾಲಿಗೆ ಕೈಚಾಚಬೇಕಾಗಿಲ್ಲ. ಕಾನೂನು ಪ್ರಕಾರವೇ ಬಿಟ್ಟಿಯಾಗಿ ನೋಡುವಂಥದ್ದು ಒಂದು ಮನೆಗೆ ಸಾಕಾಗಿ ಮಿಗುವಷ್ಟಿದೆ. ಕೇಳಬೇಕಾದ ಪ್ರಶ್ನೆ ಒಂದೇ, ಅದೂ ವ್ಯಾಪಾರಸ್ಥರಿಗೆ ರಕ್ತದಲ್ಲೇ ಇರುವ ಪ್ರಶ್ನೆ: ಈ ಸರಕಿನ ದುಡ್ಡು ಯಾರು ಕಟ್ಟುತ್ತಿದ್ದಾರೆ? ಸರ್ಕಾರ ಕಟ್ಟುತ್ತಿದೆ ಎಂದರೆ ಸರಿ. ಸೋಪಿನ ಕಂಪನಿ ಜಾಹೀರಾತಿಗೆ ಕಟ್ಟುತ್ತಿದೆ ಎಂದರೂ ಸರಿ. ಯಾರು ಎಂದು ಹೇಳಲಾಗದಿದ್ದರೆ ಅಲ್ಲಿ ಏನೋ ಐಬಿದೆ.

ಹರಿಹರದಿಂದ ದಿನಾ ಬಸ್ಸಿನಲ್ಲಿ ಓಡಾಡುವ ಒಬ್ಬ ಹೆಣ್ಣುಮಗಳು ಇದನ್ನು ಸಾವ್ಕಾರರಿಗಿಂತ ಚೆನ್ನಾಗಿ ತಿಳಿದಿದ್ದಾಳೆ. ಪಿ.ಬಿ. ರಸ್ತೆಯ ಕಚೇರಿಯೊಂದರಲ್ಲಿ ಗುಮಾಸ್ತೆ. ಮನೆಯಲ್ಲಿ ತಾಯಿ ಒಬ್ಬರೇ. ಹೆಸರಾಂತ ಕಂಪನಿಯ ಟಿವಿ ಕಡ್ಡಿಯೊಂದನ್ನು ಅಂಗಡಿಯಿಂದ ಬಿಲ್ಲು, ವಾರಂಟಿ ಸಮೇತ ತಂದು ಹಾಕಿದಳು. ಅದರಲ್ಲಿ ಇಟ್ಟಿದ್ದು ನಾಲ್ಕೇ ಆ್ಯಪು. ತಾಯಿಗೆ ಹೇಳಿಕೊಟ್ಟ ಪಾಠವೂ ಒಂದೇ: "ಅಮ್ಮ, ಕಾರ್ಡ್ ನಂಬರ್ ಕೇಳ್ತು ಅಂದ್ರೆ ಅದು ಬಿಟ್ಟಿ ಅಲ್ಲ. ಬ್ಯಾಕ್ ಬಟನ್ ಒತ್ತಿಬಿಡು."

ಈ ಮಾತನ್ನು ಚಿನ್ನದ ತಗಡಿನಲ್ಲಿ ಬರೆಸಬೇಕು. "ಒಂದು ರೂಪಾಯಿಗೆ ಒಂದು ವಾರ ನೋಡಿ" ಎಂದು ಕರೆಯುತ್ತಾರೆ. ಆ ಒಂದು ರೂಪಾಯಿ ಕಟ್ಟುವಾಗ ಯುಪಿಐನಲ್ಲಿ ಆಟೋಪೇಗೆ ಒಪ್ಪಿಗೆಯೂ ಕೊಟ್ಟಂತಾಗುತ್ತದೆ. ವಾರ ಕಳೆದ ಮೇಲೆ ದುಡ್ಡು ತಾನೇ ಹೋಗುತ್ತದೆ. ಹೀಗೆ ಹೋಗುತ್ತಿರುವುದು ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ. ಫೋನ್‌ಪೇಯೋ ಗೂಗಲ್‌ಪೇಯೋ, ಅದರೊಳಗೆ ಆಟೋಪೇ ಪಟ್ಟಿ ಇರುತ್ತದೆ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಒಂದ್ಸಲ ತೆಗೆದು ನೋಡಿದರೆ ನಷ್ಟವಿಲ್ಲ.

ಇನ್ನು ಆ ನಾಲ್ಕು ಆ್ಯಪುಗಳ ಮಾತು. ಮೊದಲನೆಯದು ಸರ್ಕಾರದ್ದು. ಪ್ರಸಾರ ಭಾರತಿಯವರು 2024ರ ನವೆಂಬರ್ 20ರಂದು ಗೋವಾ ಚಿತ್ರೋತ್ಸವದಲ್ಲಿ ವೇವ್ಸ್ ಎಂಬುದನ್ನು ಬಿಟ್ಟರು. ದೂರದರ್ಶನದ ಚಾನೆಲ್ಲುಗಳು, ಆಕಾಶವಾಣಿ, ಹಳೇ ರಾಮಾಯಣ, ಮಹಾಭಾರತ ಇದರಲ್ಲಿವೆ. ಬಹುಪಾಲು ಬಿಟ್ಟಿ, ಕೆಲವಕ್ಕೆ ಚಂದಾ ಉಂಟು. ಕನ್ನಡವೂ ಇದೆ. ಆದರೆ ಬೆಂಗಳೂರು ದೂರದರ್ಶನ 1981ರಿಂದ ಮಾಡಿಟ್ಟ ಕನ್ನಡದ ಸರಕು ಇನ್ನೂ ಧಾರಾಳವಾಗಿ, ಹುಡುಕಿದ ಕೂಡಲೇ ಸಿಗುವ ಹಾಗೆ ಇರಬೇಕಿತ್ತು. ಜನರ ದುಡ್ಡಿನಲ್ಲಿ ತೆಗೆದದ್ದು ಜನರಿಗೆ ಸಿಗಲಿ ಎಂದರೆ ದೊಡ್ಡ ಬೇಡಿಕೆಯೇನಲ್ಲ. ಕನ್ನಡ ಚಿತ್ರಗಳಿಗೇ ಒಂದು ಒಟಿಟಿ ವೇದಿಕೆ ಮಾಡುತ್ತೇವೆಂದು ರಾಜ್ಯ ಸರ್ಕಾರವೂ 2025ರ ಮಾರ್ಚ್ ಬಜೆಟ್ಟಿನಲ್ಲಿ ಘೋಷಿಸಿತು. ಘೋಷಣೆ ವಿಧಾನಸೌಧದಲ್ಲಿ ಮಾಡಿದರೆ ಸಾಲದು, ಹರಿಹರದ ಅಮ್ಮನ ರಿಮೋಟಿನಲ್ಲಿ ಕಾಣಬೇಕು.

ಎರಡನೆಯದು ಎಲ್ಲರಿಗೂ ಗೊತ್ತಿರುವ ಯೂಟ್ಯೂಬ್. ಚಂದನ ವಾಹಿನಿಯ ಕಾರ್ಯಕ್ರಮಗಳು ಅಲ್ಲೂ ಇವೆ. 2002ರಿಂದ ನಡೆದು ಬಂದ 'ಥಟ್ ಅಂತ ಹೇಳಿ' ಕ್ವಿಜ್ಜಿನ ಎಷ್ಟೋ ಕಂತುಗಳನ್ನು ಆ ತಾಯಿ ನೋಡಿ, ಮಗಳಿಗಿಂತ ಮೊದಲೇ ಉತ್ತರ ಹೇಳುತ್ತಾರಂತೆ. ಹಳೇ ಕನ್ನಡ ಸಿನಿಮಾಗಳನ್ನು ಹಕ್ಕು ಪಡೆದ ಆಡಿಯೋ, ವಿಡಿಯೋ ಕಂಪನಿಗಳೇ ತಮ್ಮ ಚಾನೆಲ್ಲಿನಲ್ಲಿ ಪೂರ್ತಿ ಹಾಕಿರುತ್ತವೆ. ನಡುನಡುವೆ ಜಾಹೀರಾತು ಬರುತ್ತದೆ, ಅದೇ ಟಿಕೆಟ್ಟು.

ಆದರೆ ಯೂಟ್ಯೂಬಿನಲ್ಲೂ ಕಳ್ಳಮಾಲು ಇದೆ, ಗುರುತು ಹಿಡಿಯುವುದು ಮೋಜಿನ ಕೆಲಸ. ಯೂಟ್ಯೂಬಿನವರ ಯಂತ್ರ, ಹಾಕಿದ ಚಿತ್ರವನ್ನು ಅಸಲಿ ಚಿತ್ರದ ಜತೆ ತಾಳೆ ನೋಡಿ ಕಳ್ಳತನ ಹಿಡಿಯುತ್ತದೆ. ಅದರ ಕಣ್ಣಿಗೆ ಮಣ್ಣೆರಚಲು ಕಳ್ಳರು ಸಿನಿಮಾವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಕುತ್ತಾರೆ. ಆಗ ನಾಯಕಿಯ ಸೆರಗು ಬಲಭುಜಕ್ಕೆ ಬಂದಿರುತ್ತದೆ. ಡ್ರೈವರು ಎಡಗಡೆ ಕೂತು ಕಾರು ಓಡಿಸುತ್ತಾನೆ. ಬಸ್ಸಿನ ಬೋರ್ಡಿನ ಕನ್ನಡ ಬ್ರಹ್ಮನಿಗೂ ಓದಲಾಗದು. ಇಲ್ಲವೇ ಹೂವಿನ ಚೌಕಟ್ಟು ಹಾಕಿ ನಡುವೆ ಸಣ್ಣದಾಗಿ ಚಿತ್ರ ಓಡಿಸುತ್ತಾರೆ, ದನಿಯನ್ನು ಸ್ವಲ್ಪ ಕೀರಲು ಮಾಡುತ್ತಾರೆ. ಹೀಗೆ ಕಂಡರೆ ಮುಚ್ಚಿ, ಕಂಪನಿಯ ಸ್ವಂತ ಚಾನೆಲ್ಲು ಹುಡುಕುವುದೇ ಸರಿ. ಕಣ್ಣಿಗೂ ಒಳ್ಳೆಯದು.

ಮೂರನೆಯದು ಎಂಎಕ್ಸ್ ಪ್ಲೇಯರ್. 2024ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಜಾಹೀರಾತಿನ ಮೇಲೆ ನಡೆಯುವುದು, ಚಂದಾ ಬೇಡ. ಹಿಂದಿಯದೇ ದರ್ಬಾರು, ಕನ್ನಡದವರಿಗೆ ಊಟದಲ್ಲಿ ಉಪ್ಪಿನಕಾಯಿಯಷ್ಟು. ಕೆಲವು ಕಂಪನಿಯ ಟಿವಿಗಳಲ್ಲಿ ಬಿಟ್ಟಿ ಚಾನೆಲ್ಲುಗಳ ಗುಂಪೊಂದು ಮೊದಲೇ ಬಂದಿರುತ್ತದೆ. ಸ್ಯಾಮ್‌ಸಂಗ್‌ನವರದ್ದು 2021ರಿಂದ ಇಲ್ಲಿದೆ. ಸ್ಯಾಮ್‌ಸಂಗ್ ಟಿವಿ ಇದ್ದವರು ಕಡ್ಡಿ ಕೊಳ್ಳುವ ಮೊದಲು ಅದನ್ನೇ ಒತ್ತಿ ನೋಡಬಹುದು. ನಾಲ್ಕನೆಯದಾಗಿ ಅವಳು ಇಟ್ಟಿರುವುದು ಚಂದಾದ ಒಂದು ಆ್ಯಪು, ಅದರ ಬಿಟ್ಟಿ ಭಾಗ ಮಾತ್ರ ನೋಡುವುದಕ್ಕೆ. ಬೀಗದ ಗುರುತು ಇದ್ದದ್ದನ್ನು ಒತ್ತುವುದಿಲ್ಲ. ಟಿವಿಯ ಖಾತೆಗೆ ಬ್ಯಾಂಕಿನ ಕಾರ್ಡನ್ನೇ ಜೋಡಿಸಿಲ್ಲ, ಖರೀದಿಗೆ ಪಿನ್ ಇಟ್ಟಿದ್ದಾಳೆ. ರಜಕ್ಕೆ ಬಂದ ಅಕ್ಕನ ಮಕ್ಕಳು ರಿಮೋಟು ಕುಟ್ಟಿದರೂ ದುಡ್ಡು ಹೋಗಲ್ಲ.

ಎಲ್ಲಾ ಆ್ಯಪೂ ಕಡ್ಡಿಯ ಸ್ವಂತ ಅಂಗಡಿಯಿಂದಲೇ ಇಳಿಸಿದ್ದು. ವಾಟ್ಸಾಪಿನಲ್ಲಿ ಬಂದ ಫೈಲಿನಿಂದ ಅಲ್ಲ, ಪೆನ್‌ಡ್ರೈವಿನಿಂದ ಅಲ್ಲ. ಮದುವೆ ಕಾಗದ ಎಂದು ಫೋನಿಗೆ ಬರುವ ಫೈಲು ಒತ್ತಿ ಬ್ಯಾಂಕಿನ ದುಡ್ಡು ಕಳಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ಟಿವಿಗೆ ಬಂದದ್ದೂ ಅದೇ ಜಾತಿಯ ಫೈಲು. ಸಿನಿಮಾ ತೋರಿಸುವ ಆ್ಯಪಿಗೆ ಮನೆಯವರ ಫೋನ್ ನಂಬರುಗಳ ಪಟ್ಟಿ ಯಾಕೆ ಬೇಕು, ಮೆಸೇಜು ಓದುವ ಅಪ್ಪಣೆ ಯಾಕೆ ಬೇಕು?

ಒಂದು ಮಾತು ಡೇಟಾ ಬಗ್ಗೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಿಂದ ಟಿವಿ ನೋಡುತ್ತೇನೆಂದರೆ ಆಗದ ಮಾತು. ಒಳ್ಳೇ ಚಿತ್ರಕ್ಕೆ ಗಂಟೆಗೆ ಎರಡು-ಮೂರು ಜಿಬಿ ಬೇಕು, ಹಾಡು ಮುಗಿಯುವ ಹೊತ್ತಿಗೆ ಪ್ಯಾಕೂ ಮುಗಿಯುತ್ತದೆ. ಮನೆಗೆ ಇಂಟರ್‌ನೆಟ್ ಇಲ್ಲದವರು ಆ್ಯಪಿನ ಆಸೆ ಬಿಟ್ಟು ದೂರದರ್ಶನದ ಫ್ರೀ ಡಿಶ್ ಹಾಕಿಸಿಕೊಳ್ಳುವುದು ಮೇಲು. 2004ರಿಂದ ಇದೆ. ತಟ್ಟೆಗೂ ಡಬ್ಬಿಗೂ ಒಂದ್ಸಲ ಖರ್ಚು, ತಿಂಗಳ ಬಾಡಿಗೆ ಇಲ್ಲ, ಚಂದನವೂ ಬರುತ್ತದೆ. ಜೀವ ಇರೋತನಕ ಬಿಟ್ಟಿ ಎಂಬ ಮಾತು ಯಾವುದಕ್ಕಾದರೂ ಹೊಂದುವುದಾದರೆ ಇದಕ್ಕೇ. ಆದರೆ ಇದನ್ನು ಹೇಳಿ ಮಾರುವ ಹುಡುಗ ಮನೆಬಾಗಿಲಿಗೆ ಬರಲ್ಲ. ಇದರಲ್ಲಿ ಅವನಿಗೆ ಸಿಗುವುದೇನು?

ಕಾನೂನಿಗೇನೂ ಬರವಿಲ್ಲ. ಟಾಕೀಸಿನೊಳಗೆ ಕ್ಯಾಮೆರಾ ಇಟ್ಟು ಕದ್ದು ತೆಗೆದು ಹಂಚುವವರಿಗೆ 2023ರ ತಿದ್ದುಪಡಿ ಪ್ರಕಾರ ಮೂರು ತಿಂಗಳಿಂದ ಮೂರು ವರ್ಷ ಜೈಲು, ಕನಿಷ್ಠ ಮೂರು ಲಕ್ಷ ದಂಡ. ಆ ದಂಡ ಚಿತ್ರದ ಖರ್ಚಿನ ನೂರಕ್ಕೆ ಐದರಷ್ಟರವರೆಗೂ ಹೋಗಬಹುದು. ನಮ್ಮ ರಾಜ್ಯದ ಗೂಂಡಾ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ ಕಳ್ಳಭಟ್ಟಿಯವರು, ಜೂಜುಕೋರರ ಸಾಲಿನಲ್ಲೇ ವಿಡಿಯೋ ಕಳ್ಳರನ್ನೂ ಕೂರಿಸಿದ್ದಾರೆ. ಫುಟ್‌ಪಾತಿನಲ್ಲಿ ಸೊಪ್ಪು ಮಾರುವ ಮುದುಕಿಯನ್ನು ಎಬ್ಬಿಸಲು ಬರುವ ಜೀಪಿಗೆ ಕೈಚೀಲದ ಡಬ್ಬಿಗಳು ಮಾತ್ರ ಕಾಣುವುದಿಲ್ಲವೋ ಏನೋ.

ಸಾವ್ಕಾರರು ಕೊನೆಗೆ ಡಬ್ಬಿಯ ವೈರು ಕಿತ್ತರು, ವೈಫೈ ಪಾಸ್‌ವರ್ಡು ಬದಲಾಯಿಸಿದರು. ಮರುದಿನದಿಂದ ಬಿಲ್ಲಿಂಗ್ ಕಂಪ್ಯೂಟರು ಸರಿಯಾಗಿ ನಡೆಯಿತು. ಡಬ್ಬಿ ಈಗ ಗಲ್ಲಾದ ಪಕ್ಕ, ಬಿಲ್ಲಿನ ಕಾಗದ ಹಾರದಂತೆ ಮೇಲೆ ಕೂತಿದೆ. ಮೊನ್ನೆ ಶನಿವಾರ ಬಸ್ ಸ್ಟ್ಯಾಂಡಿನ ಹತ್ತಿರ ಅದೇ ಕೈಚೀಲದ ಹುಡುಗ ಇನ್ನೊಬ್ಬರಿಗೆ ಹೇಳುತ್ತಿದ್ದ: "ಯಜಮಾನ್ರೇ, ನಿಮ್ಗಾದ್ರೆ ಎರಡು ಸಾವಿರದ ಇನ್ನೂರು."