ವ್ಯವಹಾರ ವಿಶ್ಲೇಷಕನೂ ಕೃತಕ ಬುದ್ಧಿಮತ್ತೆಯೂ

ಪ್ರತಿಯೊಂದು ಯುಗವೂ ತನ್ನ ಅಗತ್ಯಕ್ಕೆ ತಕ್ಕ ವೃತ್ತಿಗಳನ್ನು ಸೃಷ್ಟಿಸಿಕೊಳ್ಳುತ್ತದೆ. ಗಣಕಯಂತ್ರದ ಯುಗವು ಸೃಷ್ಟಿಸಿದ ವೃತ್ತಿಗಳಲ್ಲಿ ‘ಬಿಸಿನೆಸ್ ಅನಲಿಸ್ಟ್’ ಎಂಬುದೂ ಒಂದು. ಕನ್ನಡದಲ್ಲಿ ಆತನನ್ನು ವ್ಯವಹಾರ ವಿಶ್ಲೇಷಕನೆನ್ನಬಹುದು. ಬ್ಯಾಂಕು, ವಿಮಾ ಸಂಸ್ಥೆ, ಕಾರ್ಖಾನೆ, ಆಸ್ಪತ್ರೆ ಮೊದಲಾದವುಗಳಿಗೆ ಯಾವ ಬಗೆಯ ತಂತ್ರಾಂಶ ಬೇಕೆಂಬುದನ್ನು ಅಲ್ಲಿಯವರಿಂದ ಕೇಳಿ ತಿಳಿದು, ತಂತ್ರಜ್ಞರಿಗೆ ಅರ್ಥವಾಗುವಂತೆ ಬರೆದು ಒಪ್ಪಿಸುವುದು ಆತನ ಕೆಲಸ. ವ್ಯವಹಾರಸ್ಥನಿಗೆ ಯಂತ್ರದ ಭಾಷೆ ತಿಳಿಯದು. ತಂತ್ರಜ್ಞನಿಗೆ ವ್ಯವಹಾರದ ಮರ್ಮ ತಿಳಿಯದು. ಇವರಿಬ್ಬರ ನಡುವೆ ನಿಂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವನೇ ವಿಶ್ಲೇಷಕ. 2003ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಈ ವೃತ್ತಿಯವರದೇ ಆದ ಅಂತರರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪಿತವಾಯಿತು. ಪರದೇಶದ ಬ್ಯಾಂಕುಗಳ, ವಿಮಾ ಸಂಸ್ಥೆಗಳ ಕೆಲಸ ನಡೆಯುವ ಬೆಂಗಳೂರಿನಲ್ಲಂತೂ ಇದು ಅನೇಕ ಮಧ್ಯಮವರ್ಗದ ಕುಟುಂಬಗಳಿಗೆ ಅನ್ನ ನೀಡಿದ ವೃತ್ತಿ. ಗ್ರಾಮಾಂತರ ಶಾಲೆಗಳಲ್ಲಿ ಓದಿ ಮೇಲೆ ಬಂದವರೂ ಅವರಲ್ಲಿದ್ದಾರೆ.

2022ರ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ಓಪನ್ ಎಐ ಸಂಸ್ಥೆಯು ‘ಚಾಟ್ ಜಿಪಿಟಿ’ಯನ್ನು ಸಾರ್ವಜನಿಕರ ಕೈಗಿತ್ತ ಮೇಲೆ ಈ ವೃತ್ತಿಯ ಸ್ವರೂಪ ಬದಲಾಗತೊಡಗಿದೆ. ಸಭೆಯಲ್ಲಿ ನಡೆದ ಮಾತುಕತೆಯನ್ನು ಯಂತ್ರವೇ ಕೇಳಿ ಬರೆದಿಡುತ್ತದೆ. ಅದರಿಂದ ಅಗತ್ಯಗಳನ್ನು ಆಯ್ದು ಕ್ರಮವಾಗಿ ಜೋಡಿಸುತ್ತದೆ. ಕೆಲಸ ಸಾಗುವ ರೀತಿಯನ್ನು ನಕ್ಷೆಯಾಗಿ ಬಿಡಿಸುತ್ತದೆ. ಸಿದ್ಧವಾದ ತಂತ್ರಾಂಶವನ್ನು ಹೇಗೆ ಪರೀಕ್ಷಿಸಬೇಕೆಂಬುದನ್ನೂ ಬರೆದುಕೊಡುತ್ತದೆ. ಹಿಂದೆ ದಿನಗಟ್ಟಲೆ ಕುಳಿತು ಸಿದ್ಧಪಡಿಸುತ್ತಿದ್ದ ಕರಡು ಈಗ ಕೆಲವೇ ನಿಮಿಷಗಳಲ್ಲಿ ಕೈಸೇರುತ್ತದೆ. ಬರವಣಿಗೆಯೇ ತಮ್ಮ ವೃತ್ತಿಯ ಸರ್ವಸ್ವವೆಂದು ಭಾವಿಸಿದ್ದವರಿಗೆ ಇದರಿಂದ ಭೀತಿಯುಂಟಾಗಿರುವುದು ಸಹಜ.

ಆದರೆ ಬರವಣಿಗೆಯು ಈ ವೃತ್ತಿಯ ದೇಹವೇ ಹೊರತು ಪ್ರಾಣವಲ್ಲ. 1979ರಲ್ಲಿ ‘ವಿಸಿಕ್ಯಾಲ್ಕ್’ ಎಂಬ ಲೆಕ್ಕದ ತಂತ್ರಾಂಶ ಬಂದ ಮೇಲೆ ಕೂಡಿ ಕಳೆಯುವ ಶ್ರಮ ಯಂತ್ರದ ಪಾಲಾಯಿತು. ಲೆಕ್ಕದ ಅರ್ಥವನ್ನು ಬಿಡಿಸಿ ಹೇಳಬಲ್ಲ ಲೆಕ್ಕಿಗನ ಅಗತ್ಯ ಮಾತ್ರ ತೀರಲಿಲ್ಲ. ವಿಶ್ಲೇಷಕನ ವಿಷಯದಲ್ಲಿಯೂ ಯಂತ್ರದ ಪಾಲಿಗೆ ಹೋದುದು ಯಾವುದು, ಮನುಷ್ಯನ ಪಾಲಿಗೆ ಉಳಿದುದು ಯಾವುದು ಎಂಬುದನ್ನು ವಿವೇಚಿಸಬೇಕಾಗಿದೆ.

ಸಂಸ್ಕೃತ ಶಾಸ್ತ್ರಗ್ರಂಥಗಳ ಆರಂಭದಲ್ಲಿ ‘ಅನುಬಂಧ ಚತುಷ್ಟಯ’ವನ್ನು ನಿರೂಪಿಸುವ ಪದ್ಧತಿಯುಂಟು. ಗ್ರಂಥದ ವಿಷಯವೇನು, ಅದರ ಪ್ರಯೋಜನವೇನು, ಅದಕ್ಕೆ ಅಧಿಕಾರಿ ಯಾರು, ಇವುಗಳ ಪರಸ್ಪರ ಸಂಬಂಧವೇನು ಎಂಬ ನಾಲ್ಕನ್ನು ನಿರ್ಣಯಿಸಿದ ಮೇಲೆಯೇ ಗ್ರಂಥಕಾರನು ಮುಂದುವರಿಯುತ್ತಾನೆ. ವ್ಯವಹಾರ ವಿಶ್ಲೇಷಕನು ಕೇಳಬೇಕಾದ ಪ್ರಶ್ನೆಗಳೂ ಇವೇ. ಕಟ್ಟಬೇಕಾದುದು ಏನು? ಅದರಿಂದ ಆಗುವ ಲಾಭವೇನು? ಅದನ್ನು ಬಳಸುವವರು ಯಾರು? ಈಗಿರುವ ವ್ಯವಸ್ಥೆಗೂ ಅದಕ್ಕೂ ಸಂಬಂಧವೇನು? ಯಂತ್ರವು ಈ ನಾಲ್ಕು ಶೀರ್ಷಿಕೆಗಳ ಕೆಳಗೆ ಸೊಗಸಾದ ವಾಕ್ಯಗಳನ್ನು ತುಂಬಬಲ್ಲದು. ಆದರೆ ತನಗೆ ತಿಳಿಸಿದುದನ್ನು ವಿಸ್ತರಿಸುತ್ತದೆಯಲ್ಲದೆ, ಯಾರೂ ಹೇಳದೆ ಉಳಿದ ಸಂಗತಿಯನ್ನು ಸ್ಥಳಕ್ಕೆ ಹೋಗಿ ಕಂಡುಬರಲಾರದು.

ಗ್ರಾಮಾಂತರದ ಸಹಕಾರಿ ಬ್ಯಾಂಕೊಂದು, ಬೆಳೆಸಾಲದ ಅರ್ಜಿಗಳು ಬೇಗ ವಿಲೇವಾರಿಯಾಗುವಂತಹ ತಂತ್ರಾಂಶ ಬೇಕೆಂದು ಕೇಳಿತೆಂದು ಭಾವಿಸಬಹುದು. ಯಂತ್ರವು ಒಡನೆಯೇ ಅರ್ಜಿಯ ನಮೂನೆಯನ್ನೂ ಮಂಜೂರಾತಿಯ ಹಂತಗಳನ್ನೂ ಬರೆದುಕೊಡುತ್ತದೆ. ಅದರಲ್ಲಿ ವ್ಯಾಕರಣದೋಷವಿರದು, ಕ್ರಮಭಂಗವೂ ಇರದು. ಆದರೆ ಬ್ಯಾಂಕಿನ ಗುಮಾಸ್ತನ ಪಕ್ಕದಲ್ಲಿ ಎರಡು ದಿನ ಕುಳಿತ ವಿಶ್ಲೇಷಕನಿಗೆ ಬೇರೆಯೇ ಸಂಗತಿ ಗೋಚರಿಸಬಹುದು. ವಿಳಂಬವಾಗುತ್ತಿರುವುದು ಬ್ಯಾಂಕಿನ ಮೇಜಿನ ಮೇಲಲ್ಲ. ತೀರಿಹೋದ ತಂದೆಯ ಹೆಸರಿನಲ್ಲಿಯೇ ಪಹಣಿ ಉಳಿದಿದೆ, ಪೌತಿ ಖಾತೆಯಾಗಿಲ್ಲ, ಅಣ್ಣತಮ್ಮಂದಿರ ನಡುವೆ ಬಾಯಿಮಾತಿನ ಪಾಲು ಮಾತ್ರ ಆಗಿದೆ, ರೈತನು ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾನೆ. ಇಂತಹ ಅರ್ಜಿಯನ್ನು ಎಷ್ಟೇ ವೇಗದ ಯಂತ್ರಕ್ಕೆ ಒಪ್ಪಿಸಿದರೂ ಅದು ಅಷ್ಟೇ ವೇಗವಾಗಿ ತಿರಸ್ಕೃತವಾಗುತ್ತದೆ. ದಾಖಲೆಯ ಕೊರತೆಯನ್ನು ಮೊದಲೇ ತಿಳಿಸಿ, ಅದನ್ನು ಸರಿಪಡಿಸಿಕೊಳ್ಳುವ ದಾರಿ ತೋರುವ ವ್ಯವಸ್ಥೆಯೇ ಅಲ್ಲಿ ಅಗತ್ಯವಾದುದು. ಕೇಳಿದುದು ಒಂದು, ಬೇಕಾದುದು ಇನ್ನೊಂದು. ಈ ಅಂತರವನ್ನು ಗುರುತಿಸುವುದೇ ನಿಜವಾದ ವಿಶ್ಲೇಷಣೆ.

ಹಳೆಯ ಕರ್ತವ್ಯದೊಡನೆ ಹೊಸದೊಂದೂ ಬಂದು ಸೇರಿದೆ. ಯಾವ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎಂಬ ವಿವೇಚನೆಯಲ್ಲಿಯೂ ಈಗ ವಿಶ್ಲೇಷಕನು ಪಾಲುಗೊಳ್ಳಬೇಕು. ಉದ್ಯೋಗಾರ್ಥಿಗಳ ಅರ್ಜಿಗಳನ್ನು ತೂಗಿನೋಡಲೆಂದು ಅಮೆಜಾನ್ ಸಂಸ್ಥೆಯು ನಿರ್ಮಿಸಿದ್ದ ವ್ಯವಸ್ಥೆಯು ಹಿಂದಿನ 10 ವರ್ಷಗಳ ಅರ್ಜಿಗಳಿಂದ ಪಾಠ ಕಲಿತಿತ್ತು. ಅವುಗಳಲ್ಲಿ ಬಹುಪಾಲು ಪುರುಷರವಾಗಿದ್ದುದರಿಂದ ಅದು ಸ್ತ್ರೀಯರ ಅರ್ಜಿಗಳನ್ನು ಕೀಳಾಗಿ ಎಣಿಸತೊಡಗಿತು. ಸಂಸ್ಥೆಯು ಅದನ್ನು ಕೈಬಿಟ್ಟ ಸಂಗತಿ 2018ರಲ್ಲಿ ಪ್ರಕಟವಾಯಿತು. ಇನ್ನೊಂದು ಪ್ರಸಂಗ ಏರ್ ಕೆನಡಾ ವಿಮಾನ ಸಂಸ್ಥೆಯದು. ಪ್ರಶ್ನೆಗಳಿಗೆ ಉತ್ತರಿಸಲು ಅದು ಇರಿಸಿದ್ದ ತಂತ್ರಾಂಶವು, ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕನೊಬ್ಬನಿಗೆ ಪ್ರಯಾಣದರದ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ನೀಡಿತು. ಆ ತಂತ್ರಾಂಶದ ಮಾತಿಗೆ ತಾನು ಹೊಣೆಯಲ್ಲವೆಂದು ಸಂಸ್ಥೆಯು ವಾದಿಸಿದರೂ, 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ನ್ಯಾಯಮಂಡಳಿಯು ಆ ವಾದವನ್ನು ತಳ್ಳಿಹಾಕಿ ಪ್ರಯಾಣಿಕನಿಗೆ ಪರಿಹಾರ ಕೊಡಿಸಿತು. ಉತ್ತರವನ್ನು ಯಂತ್ರ ಕೊಡಬಹುದು, ಉತ್ತರದಾಯಿತ್ವ ಮನುಷ್ಯನದೇ.

ಇಷ್ಟು ಹೇಳಿದ ಮೇಲೂ ಒಂದು ಚಿಂತೆ ಉಳಿಯುತ್ತದೆ. ನುರಿತ ವಿಶ್ಲೇಷಕನಿಗೆ ಈ ಯಂತ್ರವು ಸಹಾಯಕ. ಹೊಸದಾಗಿ ವೃತ್ತಿಗೆ ಕಾಲಿಡುವವನಿಗಾದರೋ ಅದು ಕಲಿಯುವ ಅವಕಾಶವನ್ನೇ ಕಿತ್ತುಕೊಳ್ಳುವ ಸಂಭವವಿದೆ. ಸಭೆಯ ನಡವಳಿ ಬರೆಯುವುದು, ಕರಡು ತಿದ್ದುವುದು, ಹಿರಿಯರ ಆಕ್ಷೇಪಣೆಗೆ ಒಳಗಾಗಿ ಮತ್ತೆ ಬರೆಯುವುದು, ಇವೇ ಕಿರಿಯರ ಪಾಠಶಾಲೆಯಾಗಿದ್ದವು. ಹಿಂದಿನ ಕಾಲದಲ್ಲಿ ಓಲೆಗರಿಗಳ ಪ್ರತಿ ಮಾಡುವುದು ಬೇಸರದ ದುಡಿಮೆಯಾಗಿ ತೋರಿದರೂ, ಪಾಠಾಂತರವನ್ನು ಗುರುತಿಸುವ ಕಣ್ಣು ಅದರಿಂದಲೇ ತೆರೆಯುತ್ತಿತ್ತು. ಕಿರಿಯರನ್ನು ಸೇರಿಸಿಕೊಳ್ಳದೆ ವೆಚ್ಚ ಉಳಿಸುವ ಸಂಸ್ಥೆಗಳು, 10 ವರ್ಷಗಳ ಅನಂತರ ಯಂತ್ರದ ತಪ್ಪನ್ನು ಹಿಡಿಯಬಲ್ಲ ಹಿರಿಯರನ್ನು ಎಲ್ಲಿಂದ ತರುವುವು?

ಆದುದರಿಂದ ಕಚೇರಿಯಲ್ಲಿ ದೊರೆಯುತ್ತಿದ್ದ ಶಿಕ್ಷಣದ ಒಂದಂಶವನ್ನು ಇನ್ನು ಶಾಲೆಯೇ ನೀಡಬೇಕಾಗುತ್ತದೆ. ಇದಕ್ಕೆ ದುಬಾರಿಯಾದ ಸಲಕರಣೆ ಬೇಕಿಲ್ಲ. ವಿದ್ಯಾರ್ಥಿಗಳು ಊರಿನ ಅಂಚೆ ಕಚೇರಿಗೋ ಹಾಲು ಉತ್ಪಾದಕರ ಸಂಘಕ್ಕೋ ಹೋಗಿ, ಒಂದು ಕೆಲಸ ಮೊದಲಿನಿಂದ ಕೊನೆಯವರೆಗೆ ಹೇಗೆ ಸಾಗುತ್ತದೆ ಎಂಬುದನ್ನು ಕೇಳಿ, ನೋಡಿ, ತಮ್ಮ ಕೈಯಿಂದಲೇ ಬರೆಯಲಿ. ‘ಕೂಡಲೇ’ ಎಂದರೆ ಒಂದು ಗಂಟೆಯೋ ಒಂದು ದಿನವೋ, ‘ಅರ್ಹರು’ ಎಂದರೆ ಯಾರು ಯಾರು ಎಂದು ಅಧ್ಯಾಪಕರು ಪ್ರತಿ ಪದವನ್ನೂ ಪ್ರಶ್ನಿಸಲಿ. ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಎರಡು ದಿನ ಬಂದು ಆ ಬರಹಗಳನ್ನು ತಿದ್ದಲಿ. ಗಣಕಯಂತ್ರಗಳನ್ನು ದಾನವಾಗಿತ್ತ ಉದಾರಿಗಳು ಗ್ರಂಥಾಲಯಕ್ಕೂ ಒಬ್ಬ ಸಮರ್ಥ ಭಾಷಾಧ್ಯಾಪಕನ ವೇತನಕ್ಕೂ ನೆರವಾದರೆ ಆ ದಾನ ಪೂರ್ಣಫಲ ನೀಡುವುದು. ಯಂತ್ರಕ್ಕೆ ಏನನ್ನು ಕೇಳಬೇಕೆಂದು ತಿಳಿದವನಿಗೆ, ಅದು ಕೊಟ್ಟ ಉತ್ತರವನ್ನು ಒರೆಗೆ ಹಚ್ಚಬಲ್ಲವನಿಗೆ, ಮುಂದೆಯೂ ಕೆಲಸಕ್ಕೆ ಕೊರತೆಯಾಗದು.